ಬೆರಿಯಾ ಎಂಬ ದುಡಿಮೆಯ ಕಾಲೇಜು

ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ ಕೆಂಟಕಿ ಎಂಬುದೊಂದು ಪ್ರಾಂತವುಂಟು. ನಮ್ಮ ನಾಡಿನಿಂದ ಹೋಗುವ ಪ್ರವಾಸಿಗಳು ನಯಾಗರಾ ಜಲಪಾತವನ್ನೂ ನ್ಯೂಯಾರ್ಕಿನ ಎತ್ತರವಾದ ಸೌಧಗಳನ್ನೂ ನೋಡಿ ಹಿಂದಿರುಗುವರೇ ಹೊರತು ಈ ಕಡೆಗೆ ಬರುವವರು ವಿರಳ. ಕೆಲವು ವರ್ಷಗಳ ಕೆಳಗೆ ನಾವು ಅಲ್ಲಿಗೆ ಹೋಗುವ ಸಂದರ್ಭವೊದಗಿತು. ನಮ್ಮ ಮಗಳೂ ಅಳಿಯಂದಿರೂ ಆಗ ಓಹಾಯೊ ನದಿಯ ದಡದಲ್ಲಿರುವ ಸಿನ್ಸಿನಾಟಿ ನಗರದಲ್ಲಿ ವಾಸವಾಗಿದ್ದರು. ಒಂದು ಸಂಜೆ ಅಳಿಯಂದಿರು, “ಇಲ್ಲಿಂದ ಎರಡು ಗಂಟೆಯ ದಾರಿಯಲ್ಲಿ ಒಂದು ಕಾಲೇಜಿದೆ, ಮಾವನವರೇ. ಅಲ್ಲಿ ಪಾಠಕ್ಕೆ ಶುಲ್ಕವಿಲ್ಲ. ಆದರೆ ಪ್ರತಿಯೊಬ್ಬ ವಿದ್ಯಾರ್ಥಿಯೂ ದುಡಿಯಲೇಬೇಕು. ಬಡವರ ಮಕ್ಕಳಿಗೆ ಹೊರತು ಬೇರೆಯವರಿಗೆ ಸಾಮಾನ್ಯವಾಗಿ ಅಲ್ಲಿ ಪ್ರವೇಶವೇ ಇಲ್ಲ. ನೀವು ಅದನ್ನು ನೋಡಬೇಕು” ಎಂದರು. ಆ ಮಾತನ್ನು ಕೇಳಿದೊಡನೆ ನಮ್ಮ ಮನಸ್ಸಿನಲ್ಲಿ ಬಹುಕಾಲದಿಂದ ನೆಟ್ಟಿದ್ದ ಒಂದು ಮುಳ್ಳು ಅಲುಗಿದಂತಾಯಿತು. ಅದು ಯಾವುದೆಂಬುದನ್ನು ಮುಂದೆ ಹೇಳುವೆವು.

ಅಕ್ಟೋಬರ್ ತಿಂಗಳಿನ ಒಂದು ಬೆಳಿಗ್ಗೆ ಮೋಟಾರಿನಲ್ಲಿ ಹೊರಟೆವು. ನಗರವನ್ನು ಬಿಟ್ಟ ಕೂಡಲೇ ಓಹಾಯೊ ನದಿಯ ಸೇತುವೆ ಬರುವುದು. ಹೊಳೆಯೇನೋ ನಮ್ಮ ಕೃಷ್ಣೆಯಂತೆ ಅಗಲವಾಗಿ, ಮಂದಗತಿಯಲ್ಲಿ ಹರಿಯುತ್ತಿತ್ತು. ಆದರೆ ಒಂದು ಕಾಲಕ್ಕೆ ಇದೇ ನೀರು ಎರಡು ಲೋಕಗಳ ಗಡಿಯಾಗಿತ್ತು. ನದಿಯ ಉತ್ತರದಲ್ಲಿ ಮನುಷ್ಯನು ಸ್ವತಂತ್ರ. ದಕ್ಷಿಣದ ಕೆಂಟಕಿಯಲ್ಲಿ ಅವನನ್ನು ಸಂತೆಯ ದನದಂತೆ ಮಾರಬಹುದಾಗಿತ್ತು. ಕಪ್ಪು ಜನರು ಪ್ರಾಣವನ್ನು ಕೈಯಲ್ಲಿ ಹಿಡಿದು ರಾತ್ರಿಯ ಹೊತ್ತು ಈ ಹೊಳೆಯನ್ನು ದಾಟಿ ಓಡಿಬರುತ್ತಿದ್ದರು. ನಾವು ನೋಡಹೊರಟಿದ್ದ ಕಾಲೇಜು ಹುಟ್ಟಿದ್ದು ಆ ಗುಲಾಮಗಿರಿಯ ನೆಲದಲ್ಲಿಯೇ ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು.

ದಾರಿಯುದ್ದಕ್ಕೂ ಮೇಪಲ್ ಮರಗಳು ಎಲೆ ಉದುರಿಸುವ ಮುನ್ನ ಕುಂಕುಮ, ಅರಿಸಿನಗಳ ಬಣ್ಣ ತಾಳಿದ್ದವು. ಲೆಕ್ಸಿಂಗ್‌ಟನ್ ಪಟ್ಟಣದ ಸುತ್ತ ಭೂಮಿ ಹಸಿರು ರತ್ನಗಂಬಳಿ ಹಾಸಿದಂತೆ. ಮರದ ಬೇಲಿಗಳೊಳಗೆ ಜೂಜಿನ ಕುದುರೆಗಳು ಮೇಯುತ್ತಿದ್ದವು. ಅವುಗಳಿಗಾಗಿ ಕಟ್ಟಿದ ಲಾಯಗಳು ನಮ್ಮ ಕಡೆಯ ಅನುಕೂಲಸ್ಥರ ಮನೆಗಳನ್ನು ನಾಚಿಸುವಂತಿದ್ದವು. ಆ ಪಟ್ಟಣವನ್ನು ದಾಟಿ ಆಳವಾದ ಕಣಿವೆಯಲ್ಲಿ ಹರಿಯುವ ಕೆಂಟಕಿ ನದಿಯನ್ನು ಕಳೆದು ದಕ್ಷಿಣಕ್ಕೆ ಸಾಗಿದರೆ ಭೂಮಿಯ ಮುಖವೇ ಬದಲಾಗುವುದು. ಬಯಲು ತೀರಿ ಗುಡ್ಡಗಳು ತಲೆಯೆತ್ತುವವು. ಪೂರ್ವಕ್ಕೆ ಅಪಲೇಷಿಯ ಪರ್ವತಸೀಮೆ. ಕಲ್ಲಿದ್ದಲ ಗಣಿಗಳಲ್ಲಿ ಬೆವರು ಸುರಿಸಿಯೂ ಬಡತನದಿಂದ ಬಿಡುಗಡೆ ಹೊಂದದ ಜನರ ನಾಡು ಅದು. ಸಿರಿವಂತ ಬಯಲು ಮುಗಿದು ಬಡ ಬೆಟ್ಟ ಮೊದಲಾಗುವ ಹೊಸ್ತಿಲಲ್ಲಿ ಬೆರಿಯಾ ಎಂಬ ಪುಟ್ಟ ಊರು ಕುಳಿತಿದೆ.

ಈ ಕಾಲೇಜಿನ ಸ್ಥಾಪಕರು ಜಾನ್ ಫೀ ಎಂಬ ಪಾದ್ರಿಗಳು. ಶುಲ್ಕವಿಲ್ಲದ ಕಾಲೇಜನ್ನು ಕಟ್ಟಿದವರ ಹೆಸರೇ ‘ಫೀ’ ಎಂಬುದನ್ನು ಕೇಳಿ ನಮ್ಮ ಮನೆಯವರು ನಕ್ಕರು. ಫೀಯವರ ತಂದೆ ಗುಲಾಮರನ್ನು ಇಟ್ಟುಕೊಂಡಿದ್ದವರು. ಮಗನಾದರೋ ಗುಲಾಮಗಿರಿ ಮಹಾಪಾಪವೆಂದು ಸಾರಿ ತಂದೆಯ ಕೋಪಕ್ಕೆ ಪಾತ್ರರಾದರು. ಕ್ಯಾಸಿಯಸ್ ಕ್ಲೇ ಎಂಬ ಭೂಮಾಲಿಕರು ಇವರಿಗೆ ನೆಲವನ್ನು ಕೊಟ್ಟರು. ಮುಂದೆ ಮಹಮ್ಮದಾಲಿ ಎಂದು ಜಗತ್ಪ್ರಸಿದ್ಧನಾದ ಮುಷ್ಟಿಮಲ್ಲನಿಗೆ ಹುಟ್ಟಿನಲ್ಲಿ ಇಟ್ಟ ಹೆಸರು ಈ ಮಹನೀಯರದೇ. 1855ರಲ್ಲಿ ಒಂದೇ ಕೋಣೆಯ ಶಾಲೆಯಾಗಿ ವಿದ್ಯಾಲಯ ಆರಂಭವಾಯಿತು. 1859ರಲ್ಲಿ ಗುಲಾಮಗಿರಿಯ ಪಕ್ಷದವರು ಗುಂಪುಗೂಡಿ ಬಂದು ಫೀಯವರನ್ನೂ ಅವರ ಸಂಗಡಿಗರನ್ನೂ ಊರು ಬಿಡಿಸಿದರು. ಅಂತರ್ಯುದ್ಧ ಮುಗಿದ ಮೇಲೆ ಅವರು ಮರಳಿ ಬಂದರು. 1866ರಲ್ಲಿ ಮತ್ತೆ ಪಾಠ ನಡೆದಾಗ 96 ಮಂದಿ ಕಪ್ಪು ಮಕ್ಕಳೂ 91 ಮಂದಿ ಬಿಳಿಯ ಮಕ್ಕಳೂ ಒಂದೇ ಮಾಡಿನ ಕೆಳಗೆ ಕುಳಿತು ಓದಿದರು. ಹುಡುಗಿಯರೂ ಹುಡುಗರೊಡನೆ ಕಲಿತರು. ಆ ಕಾಲಕ್ಕೆ ಇದು ಸಾಮಾನ್ಯ ಧೈರ್ಯವಲ್ಲ.

ಆದರೆ ಒಳ್ಳೆಯ ಕೆಲಸಕ್ಕೆ ವಿಘ್ನಗಳು ಹಲವು. 1904ರಲ್ಲಿ ಕೆಂಟಕಿಯ ಶಾಸನಸಭೆಯವರು ಕಪ್ಪು ಬಿಳಿಯ ಮಕ್ಕಳು ಒಟ್ಟಿಗೆ ಓದಕೂಡದೆಂದು ಕಾನೂನು ಮಾಡಿದರು. ಬೆರಿಯಾದವರು ಸರ್ವೋಚ್ಚ ನ್ಯಾಯಾಲಯದವರೆಗೂ ಹೋದರು. 1908ರಲ್ಲಿ ಅಲ್ಲಿಯೂ ಸೋತರು. ಅನಂತರ ಕಪ್ಪು ವಿದ್ಯಾರ್ಥಿಗಳಿಗಾಗಿ ಲೂಯಿವಿಲ್ ನಗರದ ಬಳಿ ಬೇರೊಂದು ಶಾಲೆಯನ್ನು ಕಟ್ಟಲು ನೆರವಾದರು. 1950ರಲ್ಲಿ ಕಾನೂನು ಸಡಿಲವಾದಾಗ ಬಾಗಿಲನ್ನು ಮತ್ತೆ ತೆರೆದರು. ಕಾನೂನು ಬರುವುದಕ್ಕೆ ಮುಂಚೆ, 1903ರಲ್ಲಿ, ಇಲ್ಲಿಂದ ಪದವಿ ಪಡೆದವರಲ್ಲಿ ಕಾರ್ಟರ್ ವುಡ್‌ಸನ್ ಒಬ್ಬರು. ಗುಲಾಮರಾಗಿದ್ದವರ ಮಗ, ಕಲ್ಲಿದ್ದಲ ಗಣಿಯಲ್ಲಿ ಕೂಲಿ ಮಾಡಿದವರು. ಮುಂದೆ ಹಾರ್ವರ್ಡಿನಲ್ಲಿ ಡಾಕ್ಟರೇಟ್ ಗಳಿಸಿ ತಮ್ಮ ಜನಾಂಗದ ಚರಿತ್ರೆಯನ್ನು ಬರೆದು ಕೀರ್ತಿವಂತರಾದರು.

ಮಧ್ಯಾಹ್ನದ ಊಟಕ್ಕೆ ಕಾಲೇಜಿನವರದೇ ಆದ ಬೂನ್ ಟ್ಯಾವರ್ನ್ ಎಂಬ ಹೋಟೆಲಿಗೆ ಹೋದೆವು. ಇದು 1909ರಲ್ಲಿ ತೆರೆದುದು. ಬಡಿಸಲು ಬಂದ ಹುಡುಗ ಆ ಕಾಲೇಜಿನ ವಿದ್ಯಾರ್ಥಿಯೇ. ಅಲ್ಲಿಯ ಪ್ರಸಿದ್ಧ ತಿನಿಸು ಸ್ಪೂನ್‌ಬ್ರೆಡ್. ಮೆಕ್ಕೆಜೋಳದ ಹಿಟ್ಟು, ಹಾಲು, ಬೆಣ್ಣೆ, ಮೊಟ್ಟೆಗಳನ್ನು ಸೇರಿಸಿ ಬೇಯಿಸಿದ್ದು, ಚಮಚದಿಂದ ಬಡಿಸುವಷ್ಟು ಮೆತ್ತಗಿರುವುದು. ಮೊಟ್ಟೆಯೆಂದು ಕೇಳಿ ನಮ್ಮ ಮನೆಯವರು ತಟ್ಟೆಯನ್ನು ಮೆಲ್ಲನೆ ಅಳಿಯಂದಿರ ಕಡೆಗೆ ಸರಿಸಿದರು. ಹುಡುಗ ಅದನ್ನು ಕಂಡು, ಏನನ್ನೂ ಕೇಳದೆ, ಬೇಯಿಸಿದ ತರಕಾರಿಯನ್ನು ತಂದಿಟ್ಟ. ಇದನ್ನು ಇಲ್ಲಿ ಬರೆಯುವುದಕ್ಕೆ ಕಾರಣವುಂಟು. ಎದುರಿಗಿರುವವರ ಅವಸ್ಥೆಯನ್ನು ಗಮನಿಸುವ ಈ ಗುಣವನ್ನು ಆ ದಿನವೆಲ್ಲ ನಾವು ಬೇರೆ ಬೇರೆ ರೂಪಗಳಲ್ಲಿ ನೋಡಲಿದ್ದೆವು.

ಕಾಲೇಜನ್ನು ತೋರಿಸಲು ಬಂದವಳು ಪೂರ್ವದ ಬೆಟ್ಟಸೀಮೆಯ ಒಬ್ಬ ಹುಡುಗಿ. ಮೂರನೆಯ ವರ್ಷದ ವಿದ್ಯಾರ್ಥಿನಿ. ಅತಿಥಿಗಳಿಗೆ ದಾರಿ ತೋರಿಸುವುದೇ ಅವಳಿಗೆ ಒಪ್ಪಿಸಿದ್ದ ದುಡಿಮೆ. ಅವಳು ವಿವರಿಸಿದ ಕ್ರಮ ಹೀಗೆ: 1892ರಿಂದ ಇಲ್ಲಿ ಯಾರಿಂದಲೂ ಬೋಧನಾಶುಲ್ಕವನ್ನು ತೆಗೆದುಕೊಂಡಿಲ್ಲ. ಸುಮಾರು ಸಾವಿರದೈನೂರು ಮಂದಿ ವಿದ್ಯಾರ್ಥಿಗಳು. ಒಬ್ಬೊಬ್ಬರೂ ವಾರಕ್ಕೆ ಕನಿಷ್ಠ 10 ಗಂಟೆಯಾದರೂ ಕಾಲೇಜಿನ ಯಾವುದಾದರೊಂದು ಕೆಲಸವನ್ನು ಮಾಡಬೇಕು. ಅದಕ್ಕೆ ಅಲ್ಪ ಸಂಬಳವೂ ಉಂಟು. ಅಡಿಗೆಮನೆ, ತೋಟ, ಗ್ರಂಥಾಲಯ, ಕಛೇರಿ, ಪ್ರಯೋಗಶಾಲೆ, ಮಗ್ಗದ ಮನೆ, ಮರಗೆಲಸದ ಶಾಲೆ, ಕಾಲೇಜಿಗೆ ಸೇರಿದ ದೊಡ್ಡ ಕಾಡು, ಹೀಗೆ ನೂರು ಬಗೆಯ ಇಲಾಖೆಗಳು. 1906ರಲ್ಲಿ ಕಟ್ಟಿದ ಪ್ರಾರ್ಥನಾಮಂದಿರವೂ ವಿದ್ಯಾರ್ಥಿಗಳ ಕೈಯಿಂದಲೇ ಎದ್ದದ್ದು.

ಪೊರಕೆ ಕಟ್ಟುವ ಶಾಲೆಯಲ್ಲಿ ನಾವು ಬಹಳ ಹೊತ್ತು ನಿಂತೆವು. 1920ರಿಂದ ಇಲ್ಲಿ ಪೊರಕೆಗಳನ್ನು ಕಟ್ಟುತ್ತ ಬಂದಿದ್ದಾರೆ. ಅದಕ್ಕೆ ಬೇಕಾದ ಕಡ್ಡಿ ನಮ್ಮ ಜೋಳದ ಕುಲಕ್ಕೆ ಸೇರಿದ ಒಂದು ಗಿಡದ್ದು. ತೆನೆಯ ಕಡ್ಡಿಗಳನ್ನು ಹಿಡಿಯಾಗಿ ಸೇರಿಸಿ, ಹಿಡಿಕೆಗೆ ಬಿಗಿದು ಸುತ್ತಿ, ಹೊಲಿಗೆ ಹಾಕಿ, ಸಮನಾಗಿ ಕತ್ತರಿಸುವರು. ಕಟ್ಟುತ್ತಿದ್ದ ಹುಡುಗ ರಸಾಯನಶಾಸ್ತ್ರದ ವಿದ್ಯಾರ್ಥಿಯೆಂದು ತಿಳಿದು ನಮ್ಮ ಮನೆಯವರು, “ನಮ್ಮಲ್ಲಿ ಕಾಲೇಜಿಗೆ ಹೋಗುವ ಹುಡುಗನ ಕೈಗೆ ಪೊರಕೆ ಕೊಟ್ಟರೆ ಅಜ್ಜಿಯಿಂದ ಹಿಡಿದು ಎಲ್ಲರೂ ಜಗಳಕ್ಕೆ ಬರುತ್ತಾರೆ” ಎಂದರು. ಮಗಳು ಅದನ್ನು ಇಂಗ್ಲಿಷಿನಲ್ಲಿ ಹೇಳಲಾಗಿ ಹುಡುಗ ನಕ್ಕು, “ನಮ್ಮ ಅಜ್ಜಿ ಒಂದು ಪೊರಕೆ ಕಳುಹಿಸೆಂದು ಕಾಗದ ಬರೆದಿದ್ದಾಳೆ” ಎಂದ. 1937ರಲ್ಲಿ ಇದೇ ಕಾಲೇಜಿನಿಂದ ಹೊರಬಂದ ಜಾನ್ ಫೆನ್ ಎಂಬವರಿಗೆ 2002ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತೆಂಬುದನ್ನು ಕೇಳಿದ ಮೇಲೆ, ದುಡಿಮೆ ವಿದ್ಯೆಗೆ ಅಡ್ಡಿಯೆಂಬ ಮಾತನ್ನು ನಾವು ಮತ್ತೆ ಆಡಲಿಲ್ಲ.

ಮಗ್ಗದ ಮನೆಯದೂ ಒಂದು ಸ್ವಾರಸ್ಯವಾದ ಕಥೆ. 1890ರ ದಶಕದಲ್ಲಿ ಅಧ್ಯಕ್ಷರಾಗಿದ್ದ ವಿಲಿಯಂ ಫ್ರಾಸ್ಟ್ ಎಂಬವರು ಬೆಟ್ಟಸೀಮೆಯಲ್ಲಿ ಸಂಚರಿಸುತ್ತಿದ್ದಾಗ ಅಲ್ಲಿಯ ಹೆಂಗಸರು ನೇಯುತ್ತಿದ್ದ ಹೊದಿಕೆಗಳ ಅಂದವನ್ನು ಕಂಡು ಬೆರಗಾದರು. ಮಕ್ಕಳ ಖರ್ಚಿಗೆ ಕೊಡಲು ಹಣವಿಲ್ಲದ ತಾಯಂದಿರಿಂದ ಕಾಲೇಜಿನವರು ಆ ಹೊದಿಕೆಗಳನ್ನೇ ತೆಗೆದುಕೊಳ್ಳತೊಡಗಿದರು. ತಾಯಿ ನೇಯ್ದ ಬಟ್ಟೆಯಿಂದ ಮಗನ ಓದು ನಡೆಯಿತು. ಮುಂದೆ ಅದೇ ಕೈಕಸಬು ಕಾಲೇಜಿನ ಉದ್ಯಮವಾಗಿ ಬೆಳೆಯಿತು.

ಇಷ್ಟನ್ನು ನೋಡಿದ ಮೇಲೆ ನಮ್ಮಲ್ಲಿ ಒಂದು ಸಂದೇಹ ಹುಟ್ಟಿತು. ಬಡ ಮನೆಯ, ಹಳ್ಳಿಯ ಶಾಲೆಯಲ್ಲಿ ಓದಿದ ಮಕ್ಕಳು ಇಲ್ಲಿಯ ಪಾಠಗಳ ಭಾರವನ್ನು ತಾಳುವುದು ಹೇಗೆ? ಕೇಳಿದೆವು. ಹುಡುಗಿ ನಮ್ಮನ್ನು ಗ್ರಂಥಾಲಯಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಒಂದು ಮೇಜಿನ ಬಳಿ ಇಬ್ಬರು ಕುಳಿತಿದ್ದರು. ಒಬ್ಬ ಬರೆದುದನ್ನು ಇನ್ನೊಬ್ಬಳು ಓದಿ, ಎಲ್ಲಿ ಅರ್ಥ ತೊಡಕಾಗಿದೆಯೆಂದು ಬೆರಳಿಟ್ಟು ತೋರಿಸುತ್ತಿದ್ದಳು. ಇಬ್ಬರೂ ವಿದ್ಯಾರ್ಥಿಗಳೇ. ಒಬ್ಬ ಪಕ್ಕದಲ್ಲಿ ಮುರಿದ ಕುರ್ಚಿಯನ್ನು ಸರಿಪಡಿಸುವಂತೆ, ಹಿಂದುಳಿದ ಸಹಪಾಠಿಗೆ ಬರವಣಿಗೆಯನ್ನೋ ಗಣಿತವನ್ನೋ ಹೇಳಿಕೊಡುವುದೂ ಇಲ್ಲಿ ಸಂಬಳದ ದುಡಿಮೆಯೇ. ಆದುದರಿಂದ ಕೇಳುವವನಿಗೆ ತಾನು ಭಿಕ್ಷೆ ಬೇಡುತ್ತಿರುವೆನೆಂಬ ಸಂಕೋಚವಿಲ್ಲ. ಹೇಳುವವನಿಗೆ ಉಪಕಾರ ಮಾಡುತ್ತಿರುವೆನೆಂಬ ಗರ್ವವೂ ಇಲ್ಲ.

ಆ ದೇಶದ ಸರ್ಕಾರದವರೂ ಇಂಥ ಮಕ್ಕಳಿಗೆ ಮೂರು ಯೋಜನೆಗಳನ್ನು ಮಾಡಿದರು. 1964ರ ಒಂದು ಕಾನೂನಿನಿಂದ ಹುಟ್ಟಿದ ‘ಅಪ್‌ವರ್ಡ್ ಬೌಂಡ್’ ಪ್ರೌಢಶಾಲೆಯ ಬಡ ಮಕ್ಕಳನ್ನು ಕಾಲೇಜಿಗೆ ಸಿದ್ಧಗೊಳಿಸುವುದು. 1965ರ ‘ಟ್ಯಾಲೆಂಟ್ ಸರ್ಚ್’ ಊರೂರಿನಲ್ಲಿ ಬುದ್ಧಿವಂತ ಮಕ್ಕಳನ್ನು ಹುಡುಕಿ ದಾರಿ ತೋರಿಸುವುದು. 1968ರಲ್ಲಿ ಬಂದ ಮೂರನೆಯದು ಕಾಲೇಜನ್ನು ಸೇರಿದವರು ನಡುವೆ ಬಿಟ್ಟುಹೋಗದಂತೆ ಕೈಹಿಡಿಯುವುದು. ಮೂರಾದುದರಿಂದ ಅವಕ್ಕೆ ‘ಟ್ರಯೋ’ ಎಂದೇ ಹೆಸರಾಯಿತು. ಬೆರಿಯಾದವರೂ ಈ ಕೆಲಸಗಳಲ್ಲಿ ಪಾಲುಗೊಂಡರು. ಬಾಗಿಲು ತೆರೆದರೆ ಸಾಲದು, ಒಳಗೆ ಬಂದವನಿಗೆ ಮನೆಯ ಮೂಲೆಗಳ ಪರಿಚಯವನ್ನೂ ಮಾಡಿಸಬೇಕೆಂಬುದು ಇವುಗಳ ಸಾರ.

ಹೊರಗೆ ಬಂದು ಒಂದು ಓಕ್ ಮರದ ಕೆಳಗೆ ಕುಳಿತಾಗ ಹುಡುಗಿ ತನ್ನ ಕಥೆಯನ್ನು ತಾನೇ ಹೇಳಿದಳು. ಅವಳ ತಂದೆ ಗಣಿಯ ಕೂಲಿ. ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ಅವಳೇ ಮೊದಲು. ಮೊದಲನೆಯ ವರ್ಷ ಪರೀಕ್ಷೆಯಲ್ಲಿ ಹೀನಾಯವಾದ ಅಂಕಗಳು ಬಂದವು. ಇದು ತನ್ನಂಥವರಿಗೆ ತಕ್ಕ ಸ್ಥಳವಲ್ಲವೆಂದು ಪೆಟ್ಟಿಗೆ ಕಟ್ಟಿಕೊಂಡು ಕೋಣೆಯಲ್ಲಿ ಕುಳಿತಳು. ಆಗ ಅವಳ ದುಡಿಮೆ ಊಟದ ಶಾಲೆಯಲ್ಲಿ. ಆ ದಿನ ಕೆಲಸಕ್ಕೆ ಹೋಗಲಿಲ್ಲ. “ಸಂಜೆಯೊಳಗಾಗಿ ಮೇಲ್ವಿಚಾರಕಿಯವರು ಹುಡುಕಿಕೊಂಡು ಬಂದರು. ಪಾಠಕ್ಕೆ ನಾನು ಬಾರದಿದ್ದರೆ ಬೇಗ ಯಾರಿಗೂ ತಿಳಿಯುತ್ತಿರಲಿಲ್ಲ. ತಟ್ಟೆ ತೊಳೆಯುವವಳು ಬಾರದಿದ್ದರೆ ತಟ್ಟೆಗಳು ಹಾಗೆಯೇ ಉಳಿಯುತ್ತವೆ, ನೋಡಿ” ಎಂದಳು. ಮೇಲ್ವಿಚಾರಕಿ ಪೆಟ್ಟಿಗೆಯನ್ನು ನೋಡಿದರು, ಬೈಯಲಿಲ್ಲ. ಮರುದಿನ ಬೆಳಿಗ್ಗೆ ತಾವೇ ಅವಳನ್ನು ಗಣಿತ ಹೇಳಿಕೊಡುವ ವಿದ್ಯಾರ್ಥಿಯ ಬಳಿ ಕರೆದೊಯ್ದರು.

ಓದು ಮುಗಿದ ಮೇಲಿನ ಜೀವನೋಪಾಯಕ್ಕೂ ಇಲ್ಲಿ ಸಿದ್ಧತೆಯುಂಟು. ದುಡಿಮೆಗೂ ಅಂಕಗಳಿವೆ. ಹೊತ್ತಿಗೆ ಸರಿಯಾಗಿ ಬರುವನೇ, ಇತರರೊಡನೆ ಹೊಂದಿಕೊಳ್ಳುವನೇ, ಹೇಳದೆಯೇ ಮುಂದಿನ ಕೆಲಸವನ್ನು ಕಾಣುವನೇ ಎಂಬುದನ್ನು ಮೇಲ್ವಿಚಾರಕರು ಬರೆದಿಡುವರು. ಪದವೀಧರನು ಓದಿನ ಅಂಕಪಟ್ಟಿಯೊಡನೆ ದುಡಿಮೆಯ ಪಟ್ಟಿಯನ್ನೂ ಹಿಡಿದು ಹೊರಡುವನು. ಬೇಸಗೆಯ ರಜೆಯಲ್ಲಿ ಆಸ್ಪತ್ರೆಯಲ್ಲೋ ಕಾರ್ಖಾನೆಯಲ್ಲೋ ಸಂಬಳವಿಲ್ಲದೆ ಕೆಲಸ ಕಲಿಯುವವರಿಗೆ ಕಾಲೇಜಿನಿಂದ ಖರ್ಚಿಗೆ ಹಣ ದೊರೆಯುವುದು. ಸಂದರ್ಶನಕ್ಕೆ ಹೋಗುವವರಿಗೆ ತಕ್ಕ ಉಡುಪನ್ನು ಕೊಳ್ಳಲು ಕೂಡ ನೆರವುಂಟೆಂದು ಕೇಳಿ ನಮಗೆ ನಮ್ಮ ಯೌವನದ ನೆನಪಾಯಿತು. ಮೊದಲ ಉದ್ಯೋಗದ ಸಂದರ್ಶನಕ್ಕೆ ನಾವು ಹೋದದ್ದು ಪಕ್ಕದ ಮನೆಯವರ ಕೋಟನ್ನು ತೊಟ್ಟು. ಕೇಳಿದ ಪ್ರಶ್ನೆಗಳಿಗಿಂತ ಮೊಳಕೈ ಬಳಿಯ ಹೊಲಿಗೆಯ ಚಿಂತೆಯೇ ಅಂದು ನಮಗೆ ಹೆಚ್ಚಾಗಿತ್ತು.

ಇದೆಲ್ಲಕ್ಕೂ ಹಣವೆಲ್ಲಿಂದ ಎಂದು ಗೃಹಸ್ಥರು ಕೇಳುವುದು ಸಹಜ. 1920ರಲ್ಲಿ ಆಡಳಿತ ಮಂಡಲಿಯವರು ಒಂದು ನಿಯಮ ಮಾಡಿದರು. ನಿರ್ದಿಷ್ಟ ಉದ್ದೇಶವನ್ನು ಹೇಳದೆ ಜನರು ಮರಣಶಾಸನದಲ್ಲಿ ಬಿಟ್ಟುಹೋಗುವ ಹಣವನ್ನು ಖರ್ಚು ಮಾಡದೆ ಮೂಲನಿಧಿಗೆ ಸೇರಿಸಬೇಕು. ಆ ನಿಧಿ ಈಗ ನೂರು ಕೋಟಿ ಡಾಲರುಗಳನ್ನು ಮೀರಿದೆ. ಇಂಥ ನಿಧಿಯನ್ನು ನಮ್ಮ ಕಾಲೇಜುಗಳು ನಾಳೆಯೇ ಕೂಡಿಸಲಾರವು. ಇಷ್ಟಿದ್ದರೂ ಬೆರಿಯಾಕ್ಕೆ ಸೇರಿದವರೆಲ್ಲರೂ ಪದವಿ ಪಡೆದೇ ಹೊರಡುವರೆಂದಿಲ್ಲ. ನಡುವೆ ಬಿಡುವವರು ಅಲ್ಲಿಯೂ ಉಂಟು. ಆದರೆ ಯಾರಿಗೂ ತಿಳಿಯದಂತೆ ಬಿಟ್ಟುಹೋಗುವುದು ಅಲ್ಲಿ ಸುಲಭವಲ್ಲ.

ಇನ್ನು ನಮ್ಮ ಮುಳ್ಳಿನ ವಿಷಯ. ನಮ್ಮ ತಂಗಿಯ ಮಗನೊಬ್ಬ ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿ, ಒಳ್ಳೆಯ ಅಂಕಗಳನ್ನು ಪಡೆದು, ನಾವಿರುವ ನಗರದ ಒಂದು ಎಂಜಿನಿಯರಿಂಗ್ ಕಾಲೇಜಿಗೆ ಸೇರಿದ. ಶುಲ್ಕವನ್ನು ನಾವೇ ಕಟ್ಟಿದೆವು. ಹಬ್ಬಗಳಿಗೆ ಮನೆಗೆ ಬರುತ್ತಿದ್ದ. “ಹೇಗೆ ನಡೆದಿದೆ?” ಎಂದರೆ “ಚೆನ್ನಾಗಿದೆ, ಮಾವ” ಎನ್ನುತ್ತಿದ್ದ. ನಾವು ಅಷ್ಟಕ್ಕೆ ತೃಪ್ತರಾದೆವು. ಎರಡನೆಯ ವರ್ಷದ ನಡುವಿನಲ್ಲಿ ತಿಳಿದುಬಂತು, ಅವನು ತರಗತಿಗೆ ಹೋಗುವುದನ್ನು ಬಿಟ್ಟು ಮೂರು ತಿಂಗಳಾಗಿತ್ತು. ಇಂಗ್ಲಿಷಿನ ಪಾಠ ತಲೆಗೆ ಹತ್ತಿರಲಿಲ್ಲ. ಗಣಿತದಲ್ಲಿ ಎರಡು ಸಲ ತಪ್ಪಿದ್ದ. ಹಾಸ್ಟೆಲಿನ ಕೋಣೆಯಲ್ಲಿ ಹಗಲೆಲ್ಲ ಮಲಗಿರುತ್ತಿದ್ದ. “ಯಾಕೆ ಹೇಳಲಿಲ್ಲ?” ಎಂದು ಗದರಿದೆವು. “ಯಾರನ್ನಾದರೂ ಕೇಳಲು ನಾಚಿಕೆಯಾಯಿತು, ಮಾವ. ನನ್ನನ್ನೂ ಯಾರೂ ಕೇಳಲಿಲ್ಲ” ಎಂದ. ಈಗ ಅವನು ಊರಿನಲ್ಲಿ ತೆಂಗಿನ ತೋಟವನ್ನು ನೋಡಿಕೊಂಡು ಮರ್ಯಾದೆಯಾಗಿ ಬಾಳುತ್ತಿದ್ದಾನೆ. ಸುತ್ತಣ ಹಳ್ಳಿಗಳಲ್ಲಿ ಪಂಪ್‌ಸೆಟ್ ಕೆಟ್ಟರೆ ಅವನನ್ನೇ ಕರೆಯುವರು. ಆ ಕೈಗಳಲ್ಲಿ ಎಂಜಿನಿಯರನಿದ್ದ. ಕಾಲೇಜಿನವರ ಮೇಲೆ ತಪ್ಪು ಹೊರಿಸುವುದು ಸುಲಭ. ಆದರೆ ಅದೇ ಊರಿನಲ್ಲಿ, ಅವನ ಹಾಸ್ಟೆಲಿಗೆ ನಾಲ್ಕು ಮೈಲಿಯ ದೂರದಲ್ಲಿ, ನಾವೂ ಇದ್ದೆವು. ಹಣ ಕೊಟ್ಟೆವು, ಹೋಗಿ ನೋಡಲಿಲ್ಲ.

ಬೆರಿಯಾದಿಂದ ಮರಳುವಾಗ ಮೋಟಾರಿನಲ್ಲಿ ಬಹಳ ಹೊತ್ತು ಯಾರೂ ಮಾತನಾಡಲಿಲ್ಲ. ಕೊನೆಗೆ ನಮ್ಮ ಮನೆಯವರು, “ನಮ್ಮಲ್ಲಿ ವಾರಾನ್ನವಿತ್ತಲ್ಲ!” ಎಂದರು. ಹಿಂದಿನ ತಲೆಮಾರಿನ ಓದುಗರು ಇದನ್ನು ಬಲ್ಲರು. ಮೈಸೂರು, ಬೆಂಗಳೂರು, ಧಾರವಾಡಗಳಿಗೆ ಓದಲು ಬಂದ ಬಡ ಹುಡುಗರು ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ, ಹೀಗೆ ಏಳು ಮನೆಗಳಲ್ಲಿ ಉಂಡು ಓದುತ್ತಿದ್ದರು. ಆ ಪದ್ಧತಿಗೆ ಜಾತಿಯ ಬೇಲಿಯಿತ್ತು, ಉಣ್ಣುವವನಿಗೆ ಸಂಕೋಚವಿತ್ತು, ಎಲ್ಲ ಮನೆಗಳಲ್ಲಿಯೂ ಪ್ರೀತಿಯಿಂದ ಬಡಿಸುತ್ತಿದ್ದರೆಂದೂ ಹೇಳಲಾರೆವು. ಮುಂದೆ ಸಿದ್ಧಗಂಗೆ, ಸುತ್ತೂರುಗಳಂಥ ಮಠಗಳು ಸಾವಿರಾರು ಮಕ್ಕಳಿಗೆ ಅನ್ನ, ಆಶ್ರಯಗಳನ್ನು ಕೊಟ್ಟು ಆ ಕಷ್ಟವನ್ನು ಹಗುರಮಾಡಿದವು. ಆದರೂ ವಾರಾನ್ನದಲ್ಲಿ ಒಂದು ಗುಣವಿತ್ತು. ಬುಧವಾರದ ಹುಡುಗ ಬುಧವಾರ ಬಾರದಿದ್ದರೆ ಆ ಮನೆಯಾಕೆ, “ಹುಡುಗ ಯಾಕೆ ಬರಲಿಲ್ಲ? ಜ್ವರವೋ ಏನೋ, ಹೋಗಿ ನೋಡಿ ಬನ್ನಿ” ಎನ್ನುತ್ತಿದ್ದಳು. ಬೆರಿಯಾದ ಮೇಲ್ವಿಚಾರಕಿ ಮಾಡಿದ್ದೂ ಅದನ್ನೇ.

ಕಾಲೇಜುಗಳಲ್ಲಿ ಹಿಂದುಳಿದವರಿಗೆ ಪಾಠ ಹೇಳುವ ಏರ್ಪಾಡುಗಳು ಬರಲಿ, ಉದ್ಯೋಗ ಶಿಕ್ಷಣ ಬೆಳೆಯಲಿ. ಅವು ಆಗಬೇಕಾದ ಕೆಲಸಗಳೇ. ಆದರೆ ಅವುಗಳಿಗಾಗಿ ಕಾಯದೆ ಗೃಹಸ್ಥರಾದ ನಾವು ಮಾಡಬಹುದಾದುದೊಂದುಂಟು. ಹಳ್ಳಿಯಿಂದ ಬಂದ ಒಬ್ಬ ವಿದ್ಯಾರ್ಥಿಗೆ, ಅವನು ಯಾವ ಜಾತಿಯವನೇ ಆಗಲಿ, ವಾರದಲ್ಲಿ ಒಂದು ಸಂಜೆ ನಮ್ಮ ಮನೆಯ ಬಾಗಿಲನ್ನು ತೆರೆದಿಡುವುದು. ಲೆಕ್ಕ ಬಲ್ಲವರು ಲೆಕ್ಕ ಹೇಳಲಿ, ಇಂಗ್ಲಿಷ್ ಬಲ್ಲವರು ಒಂದು ಪುಟ ಓದಿಸಲಿ, ಅರ್ಜಿ ಬರೆಯಲು ತಿಳಿದವರು ಅದನ್ನು ಕಲಿಸಲಿ. ಏನೂ ಬಾರದವರು ಒಂದು ಲೋಟ ಕಾಫಿ ಕೊಟ್ಟು, “ಹೇಗೆ ನಡೆದಿದೆ?” ಎಂದು ಕೇಳಿ, “ಚೆನ್ನಾಗಿದೆ” ಎಂಬ ಮೊದಲ ಉತ್ತರಕ್ಕೆ ಸುಮ್ಮನಾಗದೆ ಇನ್ನೊಮ್ಮೆ ಕೇಳಲಿ.

ನಮ್ಮ ಮನೆಯದು ಗುರುವಾರ. ಸಮೀಪದ ಹಾಸ್ಟೆಲಿನಿಂದ ಇಬ್ಬರು ಹುಡುಗರು ಬರುತ್ತಾರೆ. ಹೋದ ತಿಂಗಳು ಒಂದು ಗುರುವಾರ ಒಬ್ಬನೇ ಬಂದ. ಎಂಟು ಗಂಟೆಯವರೆಗೆ ನೋಡಿ ನಮ್ಮ ಮನೆಯವರು, “ಚಪ್ಪಲಿ ಮೆಟ್ಟಿಕೊಳ್ಳಿ, ಹೋಗಿ ನೋಡಿಕೊಂಡು ಬರೋಣ” ಎಂದರು. ಹೋದೆವು. ಹುಡುಗನಿಗೆ ನೆಗಡಿ, ಅಷ್ಟೇ. ನಮ್ಮಿಬ್ಬರನ್ನೂ ಬಾಗಿಲಲ್ಲಿ ಕಂಡು ಅವನು ಗಾಬರಿಯಿಂದ ಎದ್ದು ಕುಳಿತ.